ಅತಿಥಿಯ ವೇಗ

ಸೈಕಲ್ ಒಬ್ಬರೇ ತುಳಿಯುವ ವಾಹನ. ಆದರೂ ಅದರ ಮೇಲಿನ ಪ್ರೀತಿ ಹುಟ್ಟುವುದೂ ಬೆಳೆಯುವುದೂ ಹೆಚ್ಚಾಗಿ ಜೊತೆಯಲ್ಲಿ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ತುಳಿಯಲು ಕಲಿತವರ ಹಿಂದೆ ಸೀಟು ಹಿಡಿದು ಓಡಿದ ಅಣ್ಣನೋ ಅಕ್ಕನೋ ಗೆಳೆಯನೋ ಒಬ್ಬರು ಇದ್ದೇ ಇರುತ್ತಾರೆ. ದೊಡ್ಡವರಾದ ಮೇಲೆ ಈ ಜೊತೆ ಅಪರೂಪವಾಗುತ್ತದೆ. ಸೈಕಲ್ ಪ್ರಿಯರಾದ ಇಬ್ಬರು ಗೆಳೆಯರು ಬೇರೆ ಬೇರೆ ಊರುಗಳಲ್ಲಿ, ದೇಶಗಳಲ್ಲಿ ನೆಲೆಸಿದರೆ ಮಾತು ಫೋನಿನಲ್ಲಿ ಸಾಗಬಹುದು. ಸವಾರಿ ಮಾತ್ರ ಒಬ್ಬರು ಇನ್ನೊಬ್ಬರ ಊರಿಗೆ ಬಂದಾಗಲೇ ಆಗಬೇಕು. ಹಾಗೆ ಸಿಗುವ ನಾಲ್ಕಾರು ದಿನಗಳನ್ನು ಹೇಗೆ ಯೋಜಿಸಬೇಕು ಎಂಬುದು ಮೇಲ್ನೋಟಕ್ಕೆ ಸಣ್ಣ ಪ್ರಶ್ನೆಯಾಗಿ ಕಂಡರೂ, ಸೈಕಲಿನ ಪ್ರೀತಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಹೇಗೆ ಎಂಬ ದೊಡ್ಡ ಪ್ರಶ್ನೆ ಅದರೊಳಗೆ ಅಡಗಿದೆ. ಜೊತೆ ಸವಾರಿಯ ವೇಗ, ದೂರ, ದಾರಿ ಈ ಮೂರನ್ನೂ ಅತಿಥಿಯ ಶಕ್ತಿಗೆ ತಕ್ಕಂತೆ ಗೊತ್ತುಮಾಡಬೇಕು ಎಂಬುದೇ ಈ ಲೇಖನದ ವಾದ. ತನ್ನ ಕಾಲಿನ ಬಲವನ್ನು ತೋರಿಸಲು ಆತಿಥೇಯರಿಗೆ ವರ್ಷದ ಉಳಿದ ದಿನಗಳೆಲ್ಲ ಇವೆ.

ಆತಿಥೇಯರು ಸಾಮಾನ್ಯವಾಗಿ ತಪ್ಪುವುದು ಅತಿಯಾದ ಪ್ರೀತಿಯಿಂದ. ತನಗೆ ಅತ್ಯಂತ ಹೆಮ್ಮೆ ತಂದ ದಾರಿಯನ್ನೇ ಗೆಳೆಯರಿಗೂ ತೋರಿಸಬೇಕೆಂದು ಅನ್ನಿಸುವುದು ಸಹಜ, ಮತ್ತು ಆ ದಾರಿ ಬಹುಪಾಲು ಒಂದು ಏರು. ಬೆಂಗಳೂರಿನವರಿಗೆ ಅದು ನಂದಿಬೆಟ್ಟ. ನಗರದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿರುವ ಈ ಬೆಟ್ಟ ನಗರದ ಸೈಕಲ್ ಸವಾರರಿಗೆ ಭಾನುವಾರದ ಹರಕೆ ಇದ್ದಂತೆ. ಹೊಸದಾಗಿ ಬಂದ ಗೆಳೆಯರನ್ನು ಮೊದಲ ಸವಾರಿಗೇ ಅಲ್ಲಿಗೆ ಕರೆದೊಯ್ಯುವುದು ಏಕೆ ಸರಿಯಲ್ಲ ಎಂಬುದನ್ನು ಒಂದು ಸ್ಥೂಲ ಲೆಕ್ಕ ತೋರಿಸುತ್ತದೆ.

ಬುಡದಿಂದ ತುದಿಯವರೆಗಿನ ಏರನ್ನು 400 ಮೀಟರ್ ಎಂದು ಹಿಡಿಯೋಣ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದೂ ಹಿಡಿಯೋಣ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು 314 ಕಿಲೋಜೂಲ್ ಶಕ್ತಿ ಬೇಕು. ನಿರಂತರವಾಗಿ 200 ವ್ಯಾಟ್ ಒದಗಿಸಬಲ್ಲ ಸವಾರರಿಗೆ ಇದು 26 ನಿಮಿಷದ ಕೆಲಸ. 120 ವ್ಯಾಟ್ ಮಾತ್ರ ಒದಗಿಸಬಲ್ಲವರಿಗೆ 44 ನಿಮಿಷ ಬೇಕಾಗುತ್ತದೆ. ಅಂತರ ಸುಮಾರು 18 ನಿಮಿಷ. ಮುಂದೆ ಹೋದವರು ತುದಿಯಲ್ಲಿ ನಿಂತು ಬೆವರು ಆರಿ ಚಳಿಗೆ ನಡುಗುತ್ತಾರೆ. ಹಿಂದೆ ಉಳಿದವರು ತಮ್ಮಿಂದ ಇನ್ನೊಬ್ಬರಿಗೆ ತೊಂದರೆಯಾಯಿತೆಂದು ಕುಗ್ಗುತ್ತಲೇ ಮೇಲೆ ಬರುತ್ತಾರೆ. ಇಬ್ಬರೂ ಒಂದೇ ದಾರಿಯಲ್ಲಿ ಹೋಗಿದ್ದಾರೆ ನಿಜ, ಜೊತೆಯಲ್ಲಿ ಹೋಗಿಲ್ಲ.

ಸಮತಟ್ಟು ನೆಲದ ಲೆಕ್ಕವೇ ಬೇರೆ. ಅಲ್ಲಿ ಸವಾರರು ಎದುರಿಸುವುದು ಮುಖ್ಯವಾಗಿ ಗಾಳಿಯನ್ನು. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, 200 ವ್ಯಾಟಿನವರೂ 120 ವ್ಯಾಟಿನವರೂ ಬೇರೆ ಬೇರೆಯಾಗಿ ಹೋದರೂ ಅವರ ವೇಗದ ನಡುವಿನ ವ್ಯತ್ಯಾಸ ನೂರಕ್ಕೆ ಇಪ್ಪತ್ತರ ಒಳಗೇ ಉಳಿಯುತ್ತದೆ. ಕಡಿಮೆ ಬಲದವರು ಇನ್ನೊಬ್ಬರ ಹಿಂಬದಿಗೆ ಅಂಟಿಕೊಂಡಂತೆ ಸಾಗಿದರೆ, ವೇಗ ಹೆಚ್ಚಿದ್ದಾಗ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಆಗ ಆ ವ್ಯತ್ಯಾಸ ನೂರಕ್ಕೆ ಎಂಟರ ಹತ್ತಿರಕ್ಕೆ ಇಳಿಯುತ್ತದೆ. ಬಯಲಿನಲ್ಲಿ ಬಲಶಾಲಿಯು ತನ್ನ ಬಲವನ್ನು ಜೊತೆಗಾರರಿಗೆ ಕೊಡಬಲ್ಲ. ಏರಿನಲ್ಲಿ ವೇಗ ಕಡಿಮೆಯಾದ್ದರಿಂದ ಗಾಳಿಯ ಮರೆಗೆ ಬೆಲೆಯಿಲ್ಲ. ಅಲ್ಲಿ ಪ್ರತಿಯೊಬ್ಬರೂ ತಮ್ಮ ತೂಕವನ್ನು ತಾವೇ ಹೊರಬೇಕು. ಗೆಳೆತನಕ್ಕೆ ಬಯಲೇ ಒಳ್ಳೆಯದೆಂಬುದಕ್ಕೆ ಹೀಗೆ ಭೌತಶಾಸ್ತ್ರದ ಆಧಾರವೂ ಇದೆ.

ಬಲದಲ್ಲಿ ಅಂತರವಿರುವವರು ಜೊತೆಯಾಗಿ ಸಾಗುವುದು ಹೇಗೆ ಎಂಬ ಪ್ರಶ್ನೆಯ ಬಗ್ಗೆ ಸೈಕಲ್ ಪ್ರವಾಸದ ಇತಿಹಾಸದಲ್ಲಿ ಆಳವಾಗಿ ಯೋಚಿಸಿದವರು ಫ್ರಾನ್ಸಿನವರು. ಸೇಂತ್ ಎತಿಯೆನ್ ನಗರದ ರೇಷ್ಮೆ ವ್ಯಾಪಾರಿಯಾಗಿದ್ದ ಪೌಲ್ ದ ವಿವಿ (1853–1930) 1887ರಲ್ಲಿ 'ಲ ಸಿಕ್ಲಿಸ್ತ್' ಪತ್ರಿಕೆ ಆರಂಭಿಸಿ, 'ವೆಲೊಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಪತ್ರಿಕೆಯ ಓದುಗರನ್ನು ತಮ್ಮೂರಿಗೆ ಕರೆದು, ಅವರ ಜೊತೆ ಸವಾರಿ ಹೊರಡುವುದು ಅವರ ರೂಢಿಯಾಗಿತ್ತು. ಗೇರ್ ಬದಲಿಸುವ ಸೌಲಭ್ಯಕ್ಕಾಗಿ ಅವರು ದಶಕಗಳ ಕಾಲ ವಾದಿಸಿದರು. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ನಡೆಸುತ್ತಿದ್ದ ಆಂರಿ ದೆಗ್ರಾಂಜ್ ಇದರ ವಿರೋಧಿ. ಬಲವಂತರು ಒಂದೇ ಗೇರಿನಲ್ಲಿ ತುಳಿಯಬೇಕೆಂಬುದು ಅವರ ನಿಲುವು. ಈಗಿನ ಮಾದರಿಯ ಗೇರ್ ಬದಲಿಸುವ ಸಾಧನಕ್ಕೆ ಆ ಸ್ಪರ್ಧೆಯಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ವೆಲೊಸಿಯೊ ಅವರ ವಾದದ ಹಿಂದೆ ಮನುಷ್ಯರ ಬಗ್ಗೆ ಒಂದು ಕಾಳಜಿಯಿತ್ತು. ಗೇರು ಇದ್ದರೆ ವಯಸ್ಸಾದವರೂ, ಬಲ ಕಡಿಮೆಯಿರುವವರೂ, ಹೆಂಗಸರೂ ಗಂಡಸರೂ ಒಂದೇ ಬೆಟ್ಟವನ್ನು ಏರಬಹುದು.

ವೆಲೊಸಿಯೊ ಸವಾರರಿಗೆ ಏಳು ಸೂತ್ರಗಳನ್ನು ಹೇಳಿದ್ದರು. ನಿಲುಗಡೆಗಳು ವಿರಳವಾಗಿರಲಿ ಮತ್ತು ಚಿಕ್ಕದಾಗಿರಲಿ. ಹಸಿವಾಗುವ ಮುನ್ನ ತಿನ್ನಿ, ಬಾಯಾರುವ ಮುನ್ನ ಕುಡಿಯಿರಿ. ಊಟ ಬಾಯಿಗೆ ಸೇರದಷ್ಟು, ನಿದ್ದೆ ಹತ್ತದಷ್ಟು ದಣಿಯಬೇಡಿ. ಮೊದಲ ಗಂಟೆಗಳಲ್ಲಿ ಶಕ್ತಿ ಮೀರಿ ಓಡಬೇಡಿ ಎಂಬಂಥ ಬುದ್ಧಿಮಾತುಗಳ ಕೊನೆಗೆ ಅವರು ಇಟ್ಟದ್ದು, ಪ್ರತಿಷ್ಠೆಗಾಗಿ ಎಂದೂ ತುಳಿಯಬೇಡಿ ಎಂಬ ಸೂತ್ರವನ್ನು. ಉಳಿದ ಆರು ದೇಹಕ್ಕೆ ಸಂಬಂಧಿಸಿದವು. ಈ ಒಂದು ಮನಸ್ಸಿಗೆ. ಜೊತೆ ಸವಾರಿ ಕೆಡುವುದು ಹೆಚ್ಚಾಗಿ ಇದನ್ನು ಮರೆತಾಗಲೇ. ಆತಿಥೇಯರು ಪ್ರತಿಷ್ಠೆಗಾಗಿ ವೇಗ ಹೆಚ್ಚಿಸುತ್ತಾರೆ, ಅತಿಥಿಗಳು ಪ್ರತಿಷ್ಠೆಗಾಗಿಯೇ ಅದಕ್ಕೆ ಸರಿಗಟ್ಟಲು ಹೆಣಗುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಇಬ್ಬರಲ್ಲೂ ಮಾತು ನಿಂತಿರುತ್ತದೆ.

ಅದೇ ಕಾಲದಲ್ಲಿ ದೂರದ ಸವಾರಿಯ ಎರಡು ಪದ್ಧತಿಗಳು ರೂಪುಗೊಂಡವು. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ವರೆಗಿನ 230 ಕಿಲೋಮೀಟರನ್ನು ಹಗಲ ಬೆಳಕಿನಲ್ಲೇ ಮುಗಿಸಿ ತಮ್ಮನ್ನು 'ಆಡಾಕ್ಸ್' ಎಂದು ಕರೆದುಕೊಂಡರು. ದೆಗ್ರಾಂಜ್ 1904ರಲ್ಲಿ ಅದಕ್ಕೆ ಫ್ರಾನ್ಸಿನಲ್ಲಿ ನಿಯಮಗಳನ್ನು ಮಾಡಿದರು: ದಾರಿಯ ನಾಯಕರು ಮುಂದೆ ನಿಂತು ವೇಗವನ್ನು ಕಾಯ್ದುಕೊಳ್ಳುತ್ತಾರೆ, ಅವರನ್ನು ಯಾರೂ ದಾಟುವಂತಿಲ್ಲ, ಗುಂಪು ಒಟ್ಟಿಗೇ ಹೊರಟು ಒಟ್ಟಿಗೇ ಮುಗಿಸಬೇಕು. ಮುಂದೆ ದೆಗ್ರಾಂಜ್ ಅವರಿಂದ ದೂರವಾದ ಆಡಾಕ್ಸ್ ಕ್ಲಬ್ ಪಾರಿಸಿಯೆನ್ 1921ರಿಂದ ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಸಾಗುವ, ಕಾಲಮಿತಿಯೊಂದೇ ಕಟ್ಟುಪಾಡಾಗಿರುವ ಪದ್ಧತಿಯನ್ನು ಬೆಳೆಸಿತು. ಇಂದು ಬೆಂಗಳೂರು, ಮೈಸೂರು ಸೇರಿದಂತೆ ಭಾರತದ ಹಲವು ಕಡೆ ನಡೆಯುವ 'ಬ್ರೆವೆ' ಸವಾರಿಗಳು ಈ ಎರಡನೆಯ ಪರಂಪರೆಗೆ ಸೇರಿದವು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಎಂಬುದು ಅಲ್ಲಿನ ಮಿತಿ. ಸ್ವತಂತ್ರ ಸವಾರರಿಗೆ ಎರಡನೆಯ ಪದ್ಧತಿಯೇ ಹಿತ, ಮತ್ತು ಜಗತ್ತಿನಲ್ಲಿ ಗೆದ್ದದ್ದೂ ಅದೇ. ಆದರೆ ದೂರದಿಂದ ಬಂದ ಗೆಳೆಯರ ವಿಷಯದಲ್ಲಿ ಹಳೆಯ ಪದ್ಧತಿಯೇ ಮೇಲು. ಅದರಲ್ಲೂ ಒಂದು ತಿದ್ದುಪಡಿ ಬೇಕು: ನಾಯಕರ ಸ್ಥಾನದಲ್ಲಿ ಇಬ್ಬರ ಪೈಕಿ ನಿಧಾನವಾಗಿ ಸಾಗುವವರು ಇರಬೇಕು. ಎದುರುಗಾಳಿ ಇದ್ದಾಗ ಮಾತ್ರ ಬಲಶಾಲಿ ಮುಂದೆ ಬಂದು ಗಾಳಿಗೆ ಮರೆಯಾಗಿ ನಿಲ್ಲಲಿ. ಮಾತಾಡುತ್ತ ತುಳಿಯಲು ಸಾಧ್ಯವಾಗುವ ವೇಗವೇ ಸರಿಯಾದ ವೇಗ. ವಾಕ್ಯದ ನಡುವೆ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಯಾವ ಮೀಟರಿನ ಸಹಾಯವೂ ಇದಕ್ಕೆ ಬೇಡ.

ಆತಿಥೇಯರ ಪಾತ್ರ ಏನೆಂಬುದನ್ನು ಇಂಗ್ಲೆಂಡಿನ ಸವಾರರು ಇನ್ನೂ ಮೊದಲೇ ಕಂಡುಕೊಂಡಿದ್ದರು. 1878ರಲ್ಲಿ ಹ್ಯಾರೋಗೇಟ್‌ನಲ್ಲಿ ಸ್ಥಾಪನೆಯಾಗಿ, 1883ರಿಂದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾದ ಸಂಘವು ಊರೂರಿನಲ್ಲಿ 'ಕಾನ್ಸಲ್' ಎಂಬ ಸ್ಥಳೀಯ ಪ್ರತಿನಿಧಿಗಳನ್ನು ನೇಮಿಸಿತ್ತು. ಯಾವ ರಸ್ತೆ ಕೆಟ್ಟಿದೆ, ಯಾವ ಇಳಿಜಾರು ಅಪಾಯಕಾರಿ, ರಿಪೇರಿ ಎಲ್ಲಿ ಆಗುತ್ತದೆ, ಎಲ್ಲಿ ಉಳಿಯಬಹುದು ಎಂಬುದನ್ನು ಹೊರಗಿನಿಂದ ಬಂದ ಸವಾರರಿಗೆ ತಿಳಿಸುವುದು ಅವರ ಕೆಲಸ. ಸಂಘ ಒಪ್ಪಿದ ಹೋಟೆಲುಗಳ ಗೋಡೆಯ ಮೇಲೆ ರೆಕ್ಕೆಯಿರುವ ಚಕ್ರದ ಗುರುತು ಇರುತ್ತಿತ್ತು. ಅತಿಥಿಸತ್ಕಾರ ಎಂಬುದು ಊಟ-ಹಾಸಿಗೆಗೆ ನಿಲ್ಲುವುದಿಲ್ಲ, ಗೌರವವೂ ಅದರಲ್ಲಿ ಸೇರಿದೆ ಎಂಬುದನ್ನು 1898ರ ಒಂದು ಘಟನೆ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಸರ್ರೆ ಪ್ರಾಂತ್ಯದ ಆಕಮ್ ಹಳ್ಳಿಯಲ್ಲಿ, ಸಂಘದ ಗುರುತಿದ್ದ ಹೋಟೆಲೊಂದು ಲೇಡಿ ಹಾರ್ಬರ್ಟನ್ ಅವರಿಗೆ ಕಾಫಿ ಕೋಣೆಯಲ್ಲಿ ಜಾಗ ನಿರಾಕರಿಸಿತು. ಸೈಕಲ್ ತುಳಿಯಲು ಅನುಕೂಲವಾಗುವಂತೆ ಅವರು ಲಂಗ ಬಿಟ್ಟು ಸಡಿಲ ಪಾಯಿಜಾಮದಂಥ ಉಡುಪು ತೊಟ್ಟಿದ್ದೇ ಕಾರಣ. ಸಂಘ ಕೋರ್ಟಿಗೆ ಹೋಯಿತು, ಮರುವರ್ಷ ಸೋತಿತು. ಇಂದಿಗೂ ಮಹಿಳಾ ಅತಿಥಿಗಳಿಗೆ ದಾರಿ ಗೊತ್ತುಮಾಡುವಾಗ ಶುಚಿಯಾದ ಶೌಚಾಲಯ ಎಲ್ಲಿದೆ, ಯಾವ ಹೋಟೆಲಿನಲ್ಲಿ ನಿರಾಳವಾಗಿ ಕೂರಬಹುದು, ಬಟ್ಟೆ ಬದಲಿಸಲು ಎಲ್ಲಿ ಜಾಗ ಸಿಗುತ್ತದೆ ಎಂಬುದನ್ನು ಮೊದಲೇ ನೋಡಿಟ್ಟಿರಬೇಕು. ಇದನ್ನು ಅತಿಥಿ ಬಾಯಿಬಿಟ್ಟು ಕೇಳುವಂತಾಗಬಾರದು.

ಯೋಜನೆ ಶುರುವಾಗಬೇಕಾದದ್ದು ನಕ್ಷೆಯಿಂದಲ್ಲ, ಪ್ರಶ್ನೆಗಳಿಂದ. ಗೆಳೆಯರು ಈಚಿನ ತಿಂಗಳುಗಳಲ್ಲಿ ಎಷ್ಟು ತುಳಿದಿದ್ದಾರೆ, ಮಂಡಿ-ಬೆನ್ನು ಹೇಗಿವೆ, ಸ್ವಂತ ಸೈಕಲ್ ತರುತ್ತಾರೋ ಇಲ್ಲವೋ. ವಿಮಾನದಲ್ಲಿ ಸೈಕಲ್ ತರುವುದಾದರೆ ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಡಬ್ಬದಲ್ಲಿ ತುಂಬಬೇಕು. ಬ್ಯಾಟರಿ ಸೈಕಲಾದರೆ ಆ ಯೋಚನೆಯನ್ನೇ ಬಿಡಬೇಕು. 160 ವ್ಯಾಟ್-ಅವರ್‌ಗಿಂತ ಹೆಚ್ಚಿನ ಲಿಥಿಯಂ ಬ್ಯಾಟರಿಗೆ ಪ್ರಯಾಣಿಕರ ವಿಮಾನದಲ್ಲಿ ಅವಕಾಶವಿಲ್ಲ, ಆ ಸೈಕಲುಗಳ ಬ್ಯಾಟರಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ದೊಡ್ಡದು. ಇಲ್ಲೇ ಬಾಡಿಗೆಗೆ ಪಡೆಯುವುದಾದರೆ ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಅಳತೆಯನ್ನು ಗೆಳೆಯರಿಂದ ತರಿಸಿಕೊಂಡು, ಅವರು ಬರುವ ಮುನ್ನವೇ ಸೀಟನ್ನು ಆ ಎತ್ತರಕ್ಕೆ ಕೂರಿಸಿಟ್ಟರೆ ಮೊದಲ ದಿನದ ಮಂಡಿನೋವು ತಪ್ಪುತ್ತದೆ. ಬ್ರೇಕಿನ ವಿಷಯ ಇನ್ನೂ ಮುಖ್ಯ. ಬ್ರಿಟಿಷರ ರೂಢಿಯಂತೆ ಜೋಡಿಸಿದ ಸೈಕಲಿನಲ್ಲಿ ಬಲಗೈಯ ಹಿಡಿ ಮುಂದಿನ ಚಕ್ರಕ್ಕೆ. ಅಮೆರಿಕ ಮತ್ತು ಯುರೋಪಿನ ಬಹುತೇಕ ದೇಶಗಳಲ್ಲಿ ಎಡಗೈಯ ಹಿಡಿ ಮುಂದಿನದಕ್ಕೆ. ಗಾಬರಿಯಲ್ಲಿ ಕೈ ತನ್ನ ಹಳೆಯ ಅಭ್ಯಾಸದಂತೆಯೇ ಒತ್ತುತ್ತದೆ, ಹಿಂದಿನ ಚಕ್ರ ಎಂದು ತಿಳಿದು ಮುಂದಿನದನ್ನು ಬಿಗಿದರೆ ಸವಾರರು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳಬಹುದು. ಕೇಬಲುಗಳನ್ನು ಅದಲುಬದಲು ಮಾಡಿಸುವುದು ಸ್ವಲ್ಪ ಹೊತ್ತಿನ ಕೆಲಸ. ರಸ್ತೆಯ ಬಲಬದಿಯಲ್ಲಿ ಸಾಗುವ ದೇಶದಿಂದ ಬಂದವರಿಗೆ ಎಡಬದಿ ರೂಢಿಯಾಗಲು ಮೊದಲ ಸಂಜೆ ಬಡಾವಣೆಯ ಒಳರಸ್ತೆಗಳಲ್ಲೇ ಒಂದು ಸುತ್ತು ಹಾಕುವುದು ಒಳ್ಳೆಯದು.

ಇನ್ನು ದಾರಿ. ಕರ್ನಾಟಕದಲ್ಲಿ ಗೆಳೆಯರೊಂದಿಗೆ ಮೂರು ದಿನ ಸೈಕಲ್ ತುಳಿಯಲು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗಿಂತ ಸೂಕ್ತ ಪ್ರದೇಶ ಸಿಗುವುದು ಕಷ್ಟ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧಿಗಳನ್ನು ಕೊಡುತ್ತ ಬಂದ ನೆಲ. ರಸ್ತೆಯಲ್ಲಿ ಸೈಕಲ್ ಕಂಡರೆ ಜನ ಬೆರಗಾಗುವುದಿಲ್ಲ, ಹುರಿದುಂಬಿಸುತ್ತಾರೆ. ದೂರಗಳಂತೂ ಜೊತೆ ಸವಾರಿಗೆಂದೇ ಅಳೆದು ಇಟ್ಟಂತಿವೆ. ಬಾದಾಮಿಯಿಂದ ಬನಶಂಕರಿ ಸುಮಾರು 5 ಕಿಲೋಮೀಟರ್, ಪಟ್ಟದಕಲ್ಲು 22, ಅಲ್ಲಿಂದ ಐಹೊಳೆ ಇನ್ನೊಂದು 13–14. ಕಾರಿನಲ್ಲಿ ಬಂದವರು ಈ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿ ಹೊರಟುಬಿಡುತ್ತಾರೆ. ಚಾಲುಕ್ಯರ ಶಿಲ್ಪಿಗಳು ಇನ್ನೂರು ವರ್ಷಗಳ ಕಾಲ ಮಲಪ್ರಭೆಯ ಬಯಲಿನಲ್ಲಿ ಮಾಡಿದ ಪ್ರಯೋಗಗಳನ್ನು ಅಷ್ಟು ಅವಸರದಲ್ಲಿ ನೋಡುವುದೆಂದರೆ ನೋಡದಿದ್ದಂತೆಯೇ. ಸೈಕಲಿನ ವೇಗದಲ್ಲಾದರೆ ಗುಡಿಯ ಕೆಂಪು ಕಲ್ಲು ಯಾವ ಬೆಟ್ಟದಿಂದ ಬಂದಿತೆಂಬುದು ದಾರಿಯಲ್ಲೇ ಕಣ್ಣಿಗೆ ಬೀಳುತ್ತದೆ.

ಮೊದಲ ದಿನ ಬಾದಾಮಿಯ ಗುಹೆಗಳು, ಅಗಸ್ತ್ಯ ತೀರ್ಥದ ದಂಡೆ, ಸಂಜೆ ಬನಶಂಕರಿಗೆ ಹೋಗಿ ಬರುವುದು. ಸವಾರಿ ಹತ್ತು ಕಿಲೋಮೀಟರಿನಷ್ಟೇ. ಪ್ರಯಾಣದ ದಣಿವು ಇರುವ ದೇಹಕ್ಕೆ ಅದು ಸಾಕು, ಸೈಕಲಿನಲ್ಲಿ ಏನಾದರೂ ಕಿರಿಕಿರಿ ಇದ್ದರೆ ಅಷ್ಟರಲ್ಲೇ ಗೊತ್ತಾಗುತ್ತದೆ. ಬನಶಂಕರಿ ಗುಡಿಯ ಆವರಣದಲ್ಲಿ ಬುಟ್ಟಿ ಹೊತ್ತು ಬರುವ ಅಜ್ಜಿಯರು ಕೊಡುವ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ಸವಾರರಿಗೆ ಹೇಳಿ ಮಾಡಿಸಿದ ಊಟ. ಎರಡನೆಯ ದಿನ ಮಹಾಕೂಟದ ಮೇಲೆ ಪಟ್ಟದಕಲ್ಲಿಗೆ. ಮಹಾಕೂಟದ ಪುಷ್ಕರಿಣಿಯ ತಣ್ಣನೆಯ ಬುಗ್ಗೆ ನೀರು, ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಇಡೀ ಸಮೂಹ, ಇವಿಷ್ಟಕ್ಕೆ ಒಂದು ದಿನ ತುಂಬುತ್ತದೆ. ಮೂರನೆಯ ದಿನ ಐಹೊಳೆ. ದುರ್ಗಾ ಗುಡಿಯ ಸುತ್ತು, ಮೇಗುಟಿ ಬೆಟ್ಟ ಹತ್ತಿ 634ರ ರವಿಕೀರ್ತಿಯ ಶಾಸನ. ಬಾದಾಮಿಗೆ ಮರಳುವ 35 ಕಿಲೋಮೀಟರನ್ನು ತುಳಿಯಬೇಕೋ ಬೇಡವೋ ಎಂಬ ತೀರ್ಮಾನ ಅತಿಥಿಯದು. ಬೇಡವೆಂದರೆ ಸೈಕಲ್ ಹೇರಿಕೊಂಡು ಬರಲು ಒಂದು ಗೂಡ್ಸ್ ಆಟೋವನ್ನು ಮೊದಲೇ ಮಾತಾಡಿ ಇಟ್ಟಿರಬೇಕು. ಹೀಗೆ ಪ್ರತಿದಿನದ ದಾರಿಯಲ್ಲೂ ಮಧ್ಯೆ ನಿಲ್ಲಿಸಿ ಹಿಂದಿರುಗುವ ಅವಕಾಶ ಇರುವಂತೆ ನೋಡಿಕೊಳ್ಳುವುದು ಯೋಜನೆಯ ಅತಿ ಮುಖ್ಯ ಭಾಗ.

ನೆಲದ ಗುಣವನ್ನು ತಿಳಿದವರೇ ಆತಿಥೇಯರಾಗಬಲ್ಲರು. ಈ ಸೀಮೆಯಲ್ಲಿ ರಸ್ತೆಯಂಚಿಗೆಲ್ಲ ಬಳ್ಳಾರಿ ಜಾಲಿ ಬೆಳೆದಿದೆ, ಅದರ ಮುಳ್ಳು ತೆಳ್ಳನೆಯ ರೇಸ್ ಟೈರನ್ನು ಸುಲಭವಾಗಿ ತೂರುತ್ತದೆ. ದಪ್ಪ ಟೈರು, ತಲಾ ಎರಡು ಟ್ಯೂಬು ಇರಲೇಬೇಕು. ವಿದೇಶಿ ಸೈಕಲುಗಳ ತೆಳು 'ಪ್ರೆಸ್ಟಾ' ವಾಲ್ವಿಗೆ ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಕೂರುವುದಿಲ್ಲ. ಬೆರಳ ತುದಿಯಷ್ಟು ಗಾತ್ರದ ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿದ್ದರೆ ಎಲ್ಲೆಂದರಲ್ಲಿ ಗಾಳಿ ಹೊಡೆಸಬಹುದು. ಮಳೆ ಬಿದ್ದ ದಿನ ಎರೆ ಹೊಲದ ಕಾಲುದಾರಿಗೆ ಇಳಿಯಬಾರದು, ಆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲನ್ನು ಹೆಗಲ ಮೇಲೆ ಹೊರುವಂತೆ ಮಾಡುತ್ತದೆ. ಹಿತವಾದ ಹವೆ ಇರುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಆದರೆ ಅದೇ ಕಬ್ಬು ಅರೆಯುವ ಹಂಗಾಮು. ಜೋಡಿ ಟ್ರೇಲರಿನ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ಸಾಗುವುದರಿಂದ ಕತ್ತಲಾದ ಮೇಲೆ ರಸ್ತೆಯಲ್ಲಿರುವುದು ಅಪಾಯ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ತಣ್ಣನೆಯ ದೇಶದಿಂದ ಬಂದ ದೇಹ ಸೆಕೆಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕಾಗುವುದರಿಂದ ಆ ಹೊತ್ತಿನಲ್ಲಿ ಗೆಳೆಯರನ್ನು ಇಲ್ಲಿಗೆ ಕರೆಯಲೇಬಾರದು. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಜೋರು. ಸವಾರಿ ಅನಿವಾರ್ಯವಾದರೆ ಬೆಳಿಗ್ಗೆ ಗಾಳಿಗೆ ಎದುರಾಗಿ ಹೋಗಿ, ದಣಿದು ಮರಳುವಾಗ ಅದು ಬೆನ್ನಿಗಿರುವಂತೆ ದಿಕ್ಕು ಆರಿಸಬೇಕು.

ಇಷ್ಟೆಲ್ಲ ಮುಂದಾಗಿ ಗೊತ್ತುಮಾಡಿದರೆ ಸವಾರಿಯ ಸ್ವಾತಂತ್ರ್ಯವೇ ಹೋಗುವುದಿಲ್ಲವೇ ಎಂಬ ಆಕ್ಷೇಪ ಇದೆ. ಹೊರಟ ಮೇಲೆ ದಾರಿ ತಾನಾಗಿ ತೆರೆದುಕೊಳ್ಳಬೇಕು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಆ ಸ್ವಾತಂತ್ರ್ಯ ಊರು ಬಲ್ಲವರಿಗೆ ಮಾತ್ರ ಸ್ವಾತಂತ್ರ್ಯ. ಭಾಷೆ ಬಾರದ, ನೀರು ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲದ ಅತಿಥಿಗೆ ಅದು ಆತಂಕ. ಟ್ಯೂಬು, ನೀರು, ಹಿಂದಿರುಗುವ ವಾಹನ ಇವುಗಳ ಚಿಂತೆ ಮೊದಲೇ ತೀರಿದ್ದರೆ, ಹೊಲದ ಬದುವಿನಲ್ಲಿ ಕುಳಿತವರು ಕರೆದು ಸೀತನಿ ಕೊಟ್ಟಾಗ ಇಬ್ಬರೂ ಅವಸರವಿಲ್ಲದೆ ಇಳಿದು ಕೂರಬಹುದು. ಗಂಟೆಗಂಟೆಗೂ ಇಂಥದ್ದೇ ಎಂದು ಬರೆದಿಡುವುದು ಬೇಡ. ದಿನಕ್ಕೆ ಒಂದೇ ಗುರಿ ಇಟ್ಟು ಉಳಿದ ಹೊತ್ತನ್ನು ಖಾಲಿ ಬಿಡುವುದೇ ಒಳ್ಳೆಯ ಯೋಜನೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅತಿಥಿಯೇ ಏರು ಬಯಸಿದರೆ, ತಮ್ಮ ಶಕ್ತಿಯನ್ನು ಹೊಸ ಬೆಟ್ಟದ ಮೇಲೆ ಪರೀಕ್ಷಿಸಬೇಕೆಂದೇ ಬಂದಿದ್ದರೆ? ಆಗ ಬೆಟ್ಟವೇ ಸರಿ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯೂ, ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ದಾರಿಯೂ ಅಂಥವರಿಗಾಗಿ ಇವೆ. ಈ ಸಂದರ್ಭದಲ್ಲಿ ಹಿಂದೆ ಉಳಿಯುವವರು ಆತಿಥೇಯರೇ ಆಗಬಹುದು. ಅತಿಥಿಯ ವೇಗ ಎಂಬ ನಿಯಮ ಆಗಲೂ ಮುರಿಯುವುದಿಲ್ಲ: ಅವರನ್ನು ಮುಂದೆ ಬಿಟ್ಟು, ತುದಿಯಲ್ಲಿ ಸೇರುವ ಜಾಗ ಹೇಳಿ, ತಾನು ತನ್ನ ಗತಿಯಲ್ಲಿ ಹತ್ತುವುದಕ್ಕೂ ಒಂದು ದೊಡ್ಡ ಮನಸ್ಸು ಬೇಕು. ಸೈಕಲನ್ನೇ ತುಳಿಯದ ಗೆಳೆಯರಾದರೆ ಇಬ್ಬರೂ ಒಂದೇ ಚೌಕಟ್ಟಿನ ಮೇಲೆ ಕುಳಿತು ತುಳಿಯುವ ಜೋಡಿ ಸೈಕಲ್ ಒಂದು ಉತ್ತರ. ಅಲ್ಲಿ ಹಿಂದೆ ಉಳಿಯುವ ಪ್ರಶ್ನೆಯೇ ಇಲ್ಲ. ಅದು ಸಿಗದಿದ್ದರೆ ಶ್ರೀರಂಗಪಟ್ಟಣದ ದ್ವೀಪದಲ್ಲಿ ದರಿಯಾ ದೌಲತ್, ಗುಂಬಜ್, ಸಂಗಮಗಳ ನಡುವಿನ ಚಿಕ್ಕ ಸುತ್ತನ್ನು ಬಾಡಿಗೆ ಸೈಕಲಿನಲ್ಲಿ ಹಾಕಿದರೂ ಸಾಕು. ಹೊಸಬರಿಗೆ ಹೆಲ್ಮೆಟ್ಟು, ಕೈಗವಸು, ಗೇರಿನ ಲೆಕ್ಕಗಳ ಉಪನ್ಯಾಸದಿಂದ ಪ್ರೀತಿ ಹುಟ್ಟುವುದಿಲ್ಲ. ಇನ್ನೂ ಸ್ವಲ್ಪ ತುಳಿಯಬಹುದಿತ್ತು ಎನ್ನಿಸುವಾಗಲೇ ಸವಾರಿ ಮುಗಿದರೆ ಹುಟ್ಟುತ್ತದೆ.

ಕೊನೆಯ ದಿನವನ್ನು ಸವಾರಿಗೆ ಇಡಬಾರದು. ರೈಲಿನಲ್ಲಿ ಮರಳುವುದಾದರೆ ಸೈಕಲನ್ನು ಬ್ರೇಕ್ ವ್ಯಾನಿನ ಲಗೇಜಾಗಿ ಬುಕ್ ಮಾಡಬೇಕು, ಅದಕ್ಕೆ ಪಾರ್ಸೆಲ್ ಕಚೇರಿಗೆ ಸಾಕಷ್ಟು ಮೊದಲೇ ತಲುಪಬೇಕು. ಬಾದಾಮಿಯ ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ಆಚೆಗಿದೆ ಎಂಬುದೂ ನೆನಪಿರಲಿ. ವಿಮಾನವಾದರೆ ಬಂದ ದಿನವೇ ಡಬ್ಬವನ್ನು ಒದ್ದೆಯಾಗದಂತೆ ತೆಗೆದಿಟ್ಟಿರಬೇಕು. ಚೈನಿನ ಧೂಳು ಒರೆಸಿ, ಟೈರಿನಲ್ಲಿ ಸಿಕ್ಕ ಮುಳ್ಳುಗಳನ್ನೂ ಮಣ್ಣನ್ನೂ ತೊಳೆದು ತೆಗೆಯಬೇಕು. ಹೊರಗಿನ ಮಣ್ಣು, ಬೀಜ ಒಳಗೆ ಬರದಂತೆ ಆಸ್ಟ್ರೇಲಿಯ, ನ್ಯೂಜಿಲೆಂಡ್‌ನಂಥ ದೇಶಗಳು ಸೈಕಲಿನ ಚಕ್ರವನ್ನೂ ತಪಾಸಣೆ ಮಾಡುತ್ತವೆ. ಬಿಚ್ಚಿದ ಪೆಡಲು, ನಟ್ಟು, ಬೋಲ್ಟುಗಳನ್ನು ಒಂದು ಬಟ್ಟೆಚೀಲದಲ್ಲಿ ಕಟ್ಟಿ ಚೌಕಟ್ಟಿಗೇ ಬಿಗಿದರೆ ಕಳೆಯುವುದಿಲ್ಲ. ಈ ಕೆಲಸಕ್ಕೆ ಇಬ್ಬರೂ ಕೂತರೆ ಅರ್ಧ ದಿನ ಬೇಕು. ಮುಂದಿನ ಸವಾರಿ ಯಾರ ಊರಿನಲ್ಲಿ, ಯಾವ ತಿಂಗಳಲ್ಲಿ ಎಂಬ ಮಾತು ಸಾಮಾನ್ಯವಾಗಿ ಆ ಹೊತ್ತಿನಲ್ಲೇ ನಡೆಯುತ್ತದೆ.